ಒಂದೆಳೆ ಪಾಕ

ಬೈಪಾಸ್ ಆಪರೇಷನ್ನಿನಲ್ಲಿ ನನ್ನ ಹೃದಯವನ್ನು ನಿಲ್ಲಿಸಿದವರು ಡಾಕ್ಟರರಲ್ಲ, ನಾನೇ. ಬಾಣಲೆಯ ಪಾಕವನ್ನು ಎರಡು ಬೆರಳ ನಡುವೆ ಎಳೆದು ನೋಡಿ, ಎಳೆ ಹದಕ್ಕೆ ಬಂದ ಕ್ಷಣವೇ ಉರಿ ತಗ್ಗಿಸುವವನಿಗೆ ಎದೆಯ ಬಡಿತ ತಗ್ಗಿಸುವುದು ಯಾವ ಮಹಾ ಕೆಲಸ? ನಿಲ್ಲು ಎಂದೆ, ನಿಂತಿತು. ಅವರು ಕಾಲಿನ ರಕ್ತನಾಳ ತೆಗೆದು ಹೊಲಿದು ಮುಗಿಸಿದ ಮೇಲೆ ನಡಿ ಎಂದೆ, ನಡೆಯಿತು.

ನನ್ನ ಮಿಠಾಯಿ ಅಂಗಡಿಯ ಬೆಂಚಿನ ಮೇಲೆ ಕುಳಿತವರಿಗೆಲ್ಲ ಹೀಗೆಯೇ ಹೇಳಿದ್ದೆ. ಕೇಳಿದವರು ನಕ್ಕು, ಇನ್ನೊಂದು ಜಿಲೇಬಿ ತಿಂದು ಹೋಗುತ್ತಿದ್ದರು. ಯಾರೂ ನಂಬುತ್ತಿರಲಿಲ್ಲವಾದ್ದರಿಂದ ಕತೆಗೆ ಬಾಲ ಬೆಳೆಯುತ್ತ ಹೋಯಿತು. ಇನ್ಸುಲಿನ್ ಹಿಡಿದು ಬಂದ ಡಾಕ್ಟರಮ್ಮನನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಿದೆ ಎಂಬುದು ಅದರ ಹೊಸ ಬಾಲ. ಜೀವಮಾನವೆಲ್ಲ ಸಕ್ಕರೆಯಲ್ಲಿ ಮುಳುಗೆದ್ದರೂ ಸಕ್ಕರೆ ಕಾಯಿಲೆ ನನ್ನ ಹತ್ತಿರ ಸುಳಿದಿಲ್ಲ ಎಂಬುದೇ ನನ್ನ ಅಂಗಡಿಯ ಬೋರ್ಡಾಗಿತ್ತು. ಅದಕ್ಕೆ ಮಸಿ ಹತ್ತಬಾರದಲ್ಲ!

ಎದುರು ಸಾಲಿನ ದರ್ಜಿ ಫಕೀರಪ್ಪ ಮಾತ್ರ ಆ ಬಾಲವನ್ನು ನಂಬಿಬಿಟ್ಟ. ಬಾಲ್ಯದ ಗೆಳೆಯ. ಅವನ ಹೃದಯದ ನಾಳಗಳೂ ಕಟ್ಟಿಕೊಂಡಿದ್ದವು. ಅದೇ ಆಸ್ಪತ್ರೆ, ಅದೇ ಡಾಕ್ಟರಮ್ಮ. ಆಪರೇಷನ್ ಹೊತ್ತಿನಲ್ಲಿ ಗ್ಲೂಕೋಸಿನ ಜೊತೆ ಇನ್ಸುಲಿನ್ ಕೊಡುತ್ತೇವೆ ಎಂದಾಕ್ಷಣ ಚಪ್ಪಲಿ ಮೆಟ್ಟಿ ಎದ್ದು ಬಂದಿದ್ದ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಶುರುವಾದ ಮೇಲೆ ಅವನ ಅಣ್ಣನ ಕಾಲು ಹೋಗಿತ್ತು, ಆಮೇಲೆ ಅಣ್ಣನೂ ಹೋಗಿದ್ದ. ಎಲ್ಲವೂ ಆ ಸೂಜಿಯಿಂದಲೇ ಎಂದು ಅವನ ನಂಬಿಕೆ.

"ನೀ ಬ್ಯಾಡಂದು ಬದುಕಿ ಬಂದೀಯಲ್ಲ, ನಾನೂ ಬ್ಯಾಡಂದೆ," ಎಂದ. "ಸೂಜಿ ಇಲ್ಲದ ಆಗೂದಿಲ್ಲಂದ್ರ ಆಪರೇಷನ್ನೂ ಬ್ಯಾಡ."

ರಸ್ತೆ ದಾಟಿ ಬರುವಷ್ಟರಲ್ಲಿ ಅವನು ನಡುವೆ ನಿಂತು ಉಸಿರೆಳೆದುಕೊಂಡದ್ದನ್ನು ನೋಡಿದ್ದೆ. ಆದರೂ ಗಿರಾಕಿಗಳ ಎದುರು ನಿಜ ಹೇಳಲು ಬಾಯಿ ಬರಲಿಲ್ಲ. ಮೀಸೆ ತಿರುವಿದೆ.

ಒಳಗೆ ಖೋವಾ ತಿರುವುತ್ತಿದ್ದ ನನ್ನ ಹೆಂಡತಿ ನೀಲವ್ವ ಸೌಟು ಹಿಡಿದೇ ಹೊರಗೆ ಬಂದಳು.

"ಅಣ್ಣಾರ, ಇವರು ಹೊರಗ ಹಾಕಿದ ಆ ಡಾಕ್ಟರಮ್ಮಗ ಬೆರಳು ಇನ್ನೂ ನೋಯತಾವಂತ. ಮೊನ್ನೆ ದವಾಖಾನ್ಯಾಗ ನನಗ ತೋರಿಸಿ ನಕ್ಕರು. ಹಂಗ ಹಿಡಕೊಂಡಿದ್ರು ಇವರು. ಯಾಕಂತ ಕೇಳ್ರಿ."

ಬೆಂಚಿನವರೆಲ್ಲ ನನ್ನತ್ತ ತಿರುಗಿದರು. ಪಾಕದ ಬಾಣಲೆಯಲ್ಲಿ ಬೆರಳು ಅದ್ದಿದೆ; ಎಳೆ ನೋಡುವ ನೆಪ.

"ನನಗೂ ಹಾಕಿದ್ರೋ," ಎಂದೆ. "ರೋಗಕ್ಕಲ್ಲ. ನಿಂತ ಹೃದಯ ಮತ್ತ ಕೆಲಸಕ್ಕ ಹತ್ತೂಮುಂದ ಹಸದಿರ್ತದಂತ. ಸಕ್ಕರಿ ಅದರ ಊಟ, ಇನ್ಸುಲಿನ್ ಅದನ್ನ ಒಳಗ ಮುಟ್ಟಸ್ತದಂತ ತಿಳಿಸಿ ಹೇಳಿದ್ರು. ಆಪರೇಷನ್ ಮುಗದ ಮ್ಯಾಲ ತಗದ್ರು, ಮತ್ತ ಇವತ್ತಿನ ತನಕ ಇಲ್ಲ. ನಾ ನಿಲ್ಲು ಅನ್ನಲಿಲ್ಲ, ನಡಿ ಅನ್ನಲಿಲ್ಲ. ಡಾಕ್ಟರಮ್ಮನ ಕೈ ಹಿಡದು ಅತ್ತೆ."

ಫಕೀರಪ್ಪ ನನ್ನ ಹತ್ತಿರಕ್ಕೆ ಸರಿದು ಬಂದ. "ಇದಕ್ಕೂ ಬಾಲ ಐತೇನು?"

"ಇಲ್ಲ."

"ಹಂಗಾರ ನಾಳೆ ನೀನೂ ಬಾ. ಆಕಿ ಬೆರಳು ಮೊದಲೇ ನೋಯತಾವ. ಹಿಡಕೊಳ್ಳಾಕ ನಿನ್ನವು ಕೊಡು."

ಅಲ್ಲಿಯೇ ನನ್ನ ಬೆರಳುಗಳನ್ನು ಬಿಗಿಯಾಗಿ ಹಿಡಿದ. ಬಿಟ್ಟಾಗ ನಮ್ಮಿಬ್ಬರ ಕೈಗಳ ನಡುವೆ ಪಾಕದ ಎಳೆಯೊಂದು ಹೊಳೆಯುತ್ತ ನಿಂತಿತು. ಅವನು ರಸ್ತೆ ದಾಟುವವರೆಗೂ ಅದು ತುಂಡಾಗಲಿಲ್ಲ ಎಂದು ಹೇಳಬಹುದಿತ್ತು. ಒಂದು ಗೇಣು ಬಂತು, ಅಷ್ಟೆ.