ಶುಕ್ರವಾರಕ್ಕೊಂದು ಚಿಕ್ಕ ಆಂಪ್

“ಒಬ್ಬಳೇ ಕೂತು ನುಡಿಸಿದ್ರೆ ಎಲ್ಲಾ ಪೆಟ್ಟಿಗೇನೂ ಜೋರಾಗೇ ಕೇಳ್ಸುತ್ತೆ ಕಣಮ್ಮ,” ಎಂದ ವಾದ್ಯದ ಅಂಗಡಿಯ ಹಾರ್ವಿ. “ಡ್ರಮ್ಸ್ ಜೊತೆ ಹಾಕಿ ನೋಡ್ಬೇಕು. ಗಂಡನ್ನ ಕರ್ಕೊಂಡು ಬಂದಿದ್ದೀಯಲ್ಲ, ಕೂರ್ಸು ಅಲ್ಲಿ.”

ಅಂಗಡಿಯ ಹಿಂದಿನ ಕೋಣೆಯಲ್ಲಿ ಮಾರಾಟಕ್ಕಿಟ್ಟಿದ್ದ ಹಳೆಯ ಡ್ರಮ್ ಸೆಟ್ಟಿನ ಮುಂದೆ ಡ್ವೇನ್ ಜಾಕೆಟ್ಟನ್ನೂ ಕಳಚದೆ ಕುಳಿತ. ಸ್ಟೂಲನ್ನು ತನ್ನ ಎತ್ತರಕ್ಕೆ ತಿರುಗಿಸಿಕೊಂಡು, ಕೋಲುಗಳನ್ನು ಒಂದಕ್ಕೊಂದು ತಟ್ಟಿ ನೋಡಿದ. ಅವನ ಎಡಕ್ಕೆ, ನೆಲದ ಮೇಲೆ, ಗಿಟಾರಿನ ದನಿ ಹಿಗ್ಗಿಸುವ ಮೂರು ಚಿಕ್ಕ ವಾಲ್ವ್ ಆಂಪ್‌ಗಳನ್ನು ಹಾರ್ವಿ ಸಾಲಾಗಿ ಇಟ್ಟಿದ್ದ. ಮಾರ್ಲಿಸ್ ಗಿಟಾರಿನ ವೈರನ್ನು ಮೊದಲನೆಯದಕ್ಕೆ ಸಿಕ್ಕಿಸಿದಳು.

ಅವಳಿಗೆ ಹೊಸ ಆಂಪ್ ಬೇಕೆಂದೇನೂ ಇರಲಿಲ್ಲ. ಕಾಗದದ ಗಿರಣಿಯಲ್ಲಿ ದುಡಿಯುತ್ತಿದ್ದಾಗ, ಮದುವೆಗೂ ಮೊದಲು ಕೊಂಡ ದೊಡ್ಡ ಆಂಪ್ ಇನ್ನೂ ಗಟ್ಟಿಮುಟ್ಟಾಗಿತ್ತು. ಅವಳ ಗಿಟಾರು ಮತ್ತು ಹಾಡು, ಡ್ವೇನನ ಡ್ರಮ್ಸ್, ಗಸ್‌ನ ಬೇಸ್, ಇಷ್ಟೇ ಅವರ ಬ್ಯಾಂಡು. ಕೆರೆಯ ದಡದ ಊರುಗಳ ಬಾರುಗಳಲ್ಲಿ, ಮದುವೆ ಮನೆಗಳಲ್ಲಿ, ಮಾಜಿ ಸೈನಿಕರ ಸಭಾಂಗಣಗಳಲ್ಲಿ ಆ ದೊಡ್ಡ ಪೆಟ್ಟಿಗೆ ಅವರೊಂದಿಗೆ ತಿರುಗಿತ್ತು. ಆದರೆ ಈಗ ಅವಳ ಭುಜ ಅದನ್ನು ಎತ್ತಲು ಒಪ್ಪುತ್ತಿರಲಿಲ್ಲ. ಅದರ ಮೇಲೆ, ಪ್ರತಿ ಶುಕ್ರವಾರ ಇವರು ನುಡಿಸುವ ಬಾರಿನ ಒಡತಿ ಪೆಗ್ ಕಳೆದ ತಿಂಗಳು ಕೈ ಒರೆಸಿಕೊಳ್ಳುತ್ತಾ ಬಂದು ನೇರವಾಗಿ ಹೇಳಿಬಿಟ್ಟಿದ್ದಳು. “ಮೀನು ತಿನ್ನೋಕೆ ಬರೋ ಜನ ಉಪ್ಪು ಕೊಡು ಅನ್ನೋಕೂ ಕಿರುಚ್ಬೇಕು ಮಾರ್ಲಿಸ್. ಚಿಕ್ಕದೊಂದು ತಗೋ. ಇಲ್ಲಾಂದ್ರೆ ನಾನು ಆ ಅಕಾರ್ಡಿಯನ್ ಮುದುಕನ್ನೇ ಕರೀಬೇಕಾಗುತ್ತೆ.”

ಮೊದಲನೆಯ ಆಂಪ್ ಡ್ವೇನನ ಪೆಟ್ಟುಗಳಡಿ ಸಿಕ್ಕಿ ಉಸಿರೇ ಎತ್ತಲಿಲ್ಲ. ಎರಡನೆಯದು ಕೇಳಿಸಿತು, ಆದರೆ ತಗಡು ಕೆರೆದ ಹಾಗೆ.

“ಹದಿನೈದು ವ್ಯಾಟ್ ಅಂದ್ರೆ ಯಾವ ಬಾರಿಗಾದ್ರೂ ಸಾಕು,” ಎಂದ ಹಾರ್ವಿ. “ನಿನ್ನ ಗಂಡಂಗೆ ಸ್ವಲ್ಪ ಮೆತ್ತಗೆ ಹೊಡಿ ಅನ್ನು. ಯಾರ ಮೇಲೆ ಸಿಟ್ಟು ಅವನಿಗೆ?”

“ಏನಂದ?” ಡ್ವೇನ್ ಕೇಳಿದ.

“ಮೆತ್ತಗೆ ಹೊಡೀಬೇಕಂತೆ,” ಎಂದಳು ಮಾರ್ಲಿಸ್.

ಮೂರನೆಯದು ಕಂದು ಬಣ್ಣದ, ಮುಂದೆ ಒರಟು ಬಟ್ಟೆ ಬಿಗಿದ ಪುಟ್ಟ ಪೆಟ್ಟಿಗೆ. ಮೊದಲ ಸ್ವರಕ್ಕೇ ಅವಳ ಮುಖ ಅರಳಿತು. ವಾಲ್ವ್ ಆಂಪ್ ಅರ್ಧಕ್ಕಿಂತ ಮೇಲೆ ಏರಿಸಿದ ಮೇಲೆಯೇ ಬಾಯಿ ಬಿಡುವುದು. ಒಳಗಿನ ಗಾಜಿನ ವಾಲ್ವ್‌ಗಳು ಕಾದು, ಸ್ವರದ ಅಂಚು ಸ್ವಲ್ಪ ಒಡೆದು, ಅಳು ನುಂಗಿಕೊಂಡವರ ದನಿಯಂತೆ ಬರುತ್ತದೆ. ಆ ದನಿಗಾಗಿಯೇ ಅವಳು ಇಷ್ಟು ವರ್ಷ ದೊಡ್ಡದನ್ನು ಗೋಡೆ ನಡುಗುವಷ್ಟು ಏರಿಸುತ್ತಿದ್ದದ್ದು. ಇದು ಅಷ್ಟೆಲ್ಲ ಗದ್ದಲವಿಲ್ಲದೆ ಅದನ್ನೇ ಕೊಡುತ್ತಿತ್ತು.

“ಸಾಲಲ್ಲ,” ಎಂದ ಡ್ವೇನ್. “ಏರ್ಸು.”

ಏರಿಸಿದಳು. ಹಾರ್ವಿ ಒಂದು ಕಿವಿಗೆ ಬೆರಳಿಟ್ಟುಕೊಂಡ.

“ಇನ್ನೂ ಸ್ವಲ್ಪ.”

ಎರಡನೆಯ ಚರಣಕ್ಕೆ ಬಂದಾಗ ಅವಳ ಕೈ ಯಾಕೆ ಹಾಗೆ ಮಾಡಿತೋ ಅವಳಿಗೇ ತಿಳಿಯದು. ಸಾಲಿನ ಕೊನೆಯಲ್ಲಿ ಸಿಕ್ಕ ಒಂದು ಬಿಡುವಿನಲ್ಲಿ ಬಾಗಿ, ಆಂಪ್‌ನ ಮೇಲಿದ್ದ ಸ್ವಿಚ್ಚನ್ನು ಕೆಳಗೆ ತಳ್ಳಿದಳು. ಹಾಗೆ ತಳ್ಳಿದರೆ ದೀಪ ಉರಿಯುತ್ತಲೇ ಇರುತ್ತದೆ, ವಾಲ್ವ್‌ಗಳು ಬಿಸಿಯಾಗಿಯೇ ಇರುತ್ತವೆ, ಸದ್ದು ಮಾತ್ರ ಬರುವುದಿಲ್ಲ. ಮರುಕ್ಷಣ ಕೈಯನ್ನು ಮತ್ತೆ ತಂತಿಗಳ ಮೇಲೆ ಆಡಿಸತೊಡಗಿದಳು.

ಡ್ವೇನ್ ನಿಲ್ಲಿಸಲಿಲ್ಲ. ಅವನ ಕಣ್ಣು ಅವಳ ಬಲಗೈಯ ಮೇಲಿತ್ತು. ತಲೆದೂಗುತ್ತಾ, ಅವಳ ಕೈ ಎಲ್ಲಿ ತಡೆದು ತಿರುಗಿತೋ ಅಲ್ಲೇ ಕರಾರುವಾಕ್ಕಾಗಿ ತಿರುವು ಕೊಡುತ್ತಾ ಹಾಡಿನ ಕೊನೆಯವರೆಗೂ ಬಾರಿಸಿದ. ಮುಗಿದ ಮೇಲೆ ತಾಳದ ತಟ್ಟೆಯನ್ನು ಅಂಗೈಯಿಂದ ಹಿಡಿದು ಸುಮ್ಮನಾಗಿಸಿದ.

“ಈಗ ಸರಿಹೋಯ್ತು ನೋಡು,” ಎಂದ. “ಇದನ್ನೇ ತಗೋ.”

ಹಾರ್ವಿ ತಲೆ ತಗ್ಗಿಸಿ ನೆಲದ ಮೇಲಿದ್ದ ಯಾವುದೋ ವೈರನ್ನು ಸುತ್ತತೊಡಗಿದ.

ಆ ಆಂಪ್ ಕಾರಿನ ಹಿಂದಿನ ಸೀಟಿನಲ್ಲೇ ಹಿಡಿಸಿತು. ಡ್ವೇನ್ ಎಡಗಡೆಯ ಸೀಟಿನಲ್ಲಿ ಕೂತು ಓಡಿಸುತ್ತಿದ್ದ. ಅವನ ಬಲಕ್ಕೆ ಕೂತ ಮಾರ್ಲಿಸ್ ಬೇಕೆಂದೇ ದನಿ ತಗ್ಗಿಸಿ, “ಈ ವಾರ ಪೆಗ್‌ಗೆ ಒಳ್ಳೆ ಮೀನು ಸಿಕ್ಕಿದ್ಯಂತೆ,” ಎಂದಳು.

“ಅವಳು ಪ್ರತಿ ವಾರಾನೂ ಹಂಗೇ ಅಂತಾಳೆ,” ಎಂದ ಡ್ವೇನ್.

ಕಾರಿನಲ್ಲಿ ಅವನಿಗೆ ಯಾವಾಗಲೂ ಕೇಳಿಸುತ್ತಿತ್ತು. ಆದರೆ ಅಡುಗೆಮನೆಯಲ್ಲಿ? ಕಿಟಕಿಯ ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಎಂದು ಅವನು ಊಟದ ಮೇಜಿನ ಇನ್ನೊಂದು ತುದಿಗೆ ಕುರ್ಚಿ ಹಾಕಿಕೊಂಡಿದ್ದ. ಸೊಂಟದ ನೋವಿನ ನೆಪ ಹೇಳಿ ಮಂಚದಲ್ಲಿ ಮಲಗುವ ಬದಿ ಬದಲಾಯಿಸಿದ್ದ. ಎರಡು ಕಡೆಯೂ ಅವಳು ಅವನ ಬಲಕ್ಕೇ ಬರುವಂತಾಗಿತ್ತು. ಎರಡಕ್ಕೂ ಅವಳು ವಯಸ್ಸಾದವರ ಹಟವೆಂದು ರೇಗಿದ್ದಳು. ಈಗ ಗಂಡನ ಬಳಿ ಕೂತು ಹೀಗೆ ಮೆಲ್ಲಗೆ ಮಾತಾಡಿ ಪರೀಕ್ಷೆ ಮಾಡುತ್ತಿದ್ದೇನಲ್ಲ ಎಂದು ಅವಳಿಗೇ ನಾಚಿಕೆಯಾಯಿತು.

ನೆನಪಾದದ್ದು ಬೇರೆಯೇ. ತುಂಬ ಹಿಂದೆ, ಸೈನಿಕರ ಸಭಾಂಗಣದಲ್ಲೊಂದು ಸಂಜೆ, ವೇದಿಕೆ ಇಕ್ಕಟ್ಟಾಗಿದ್ದು ಆಂಪ್ ಡ್ವೇನನ ಎಡಗಿವಿಗೆ ಆನಿಕೊಂಡಂತೆಯೇ ಇತ್ತು. “ಸ್ವಲ್ಪ ಆ ಕಡೆ ತಿರುಗಿಸ್ತೀಯಾ? ಕಿವಿ ಗುಂಯ್ ಅಂತಿದೆ,” ಎಂದಿದ್ದ. “ಗೋಡೆ ಕಡೆ ತಿರುಗಿಸಿದ್ರೆ ದನಿ ಸತ್ತೋಗುತ್ತೆ, ಏನಾದ್ರೂ ತುರುಕ್ಕೋ,” ಎಂದಿದ್ದಳು ಇವಳು. ಅವನು ಬಿಯರ್ ಲೋಟದ ಕೆಳಗಿನ ಕಾಗದ ಹರಿದು ಉಂಡೆ ಮಾಡಿ ಕಿವಿಗಿಟ್ಟುಕೊಂಡಿದ್ದ. ಅಷ್ಟಕ್ಕೇ ಬಿಡದೆ ಅವಳು ಮೈಕಿನಲ್ಲಿ, “ನೋಡಿ, ನನ್ನ ಗಂಡನಿಗೆ ಮನೇಲೂ ನನ್ನ ದನಿ ಸಾಕಾಗಿದೆ, ಇಲ್ಲೂ ಸಾಕಾಗಿದೆ,” ಎಂದಿದ್ದಳು. ಸಭಾಂಗಣವೆಲ್ಲ ನಕ್ಕಿತ್ತು. ಅವನೂ ಕೋಲೆತ್ತಿ ನಕ್ಕಿದ್ದ. ಆಮೇಲೆ ಎಂದೂ ಆಂಪ್ ತಿರುಗಿಸೆಂದು ಕೇಳಿರಲಿಲ್ಲ.

“ಯಾವಾಗ ಆರ್ಸಿದೆ?” ಡ್ವೇನ್ ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದ.

“ಏನನ್ನ?”

“ಹಾರ್ವಿ ಮುಖ ನೋಡ್ದೆ ನಾನು. ಸತ್ತೋರ ಮನೇಗೆ ಬಂದೋನ ಹಂಗೆ ನಿಂತಿದ್ದ.”

ಮಾರ್ಲಿಸ್ ಮಡಿಲಲ್ಲಿದ್ದ ಕೈಗವಸುಗಳನ್ನು ಹಿಂಡಿದಳು. “ಎರಡನೇ ಚರಣದಲ್ಲಿ.”

“ಹ್ಞೂಂ.”

“ಗೊತ್ತಾದ ಮೇಲೆ ನಿಲ್ಲಿಸ್ಬಹುದಿತ್ತಲ್ಲ ನೀನು.”

“ನೀನು ನಿಲ್ಲಿಸಲಿಲ್ಲ. ಅದಕ್ಕೆ ನಾನೂ ನಿಲ್ಲಿಸಲಿಲ್ಲ.”

ಹಿಮ ಕೆದರಿದ ಜೋಳದ ಹೊಲಗಳು ಎರಡೂ ಕಡೆ ಹಿಂದೆ ಸರಿಯುತ್ತಿದ್ದವು. “ಯಾವಾಗಿಂದ?” ಎಂದು ಕೇಳಿದಳು.

“ಎಡಗಿವಿ ಪೂರ್ತಿ ಹೋಗಿ ಎರಡು ಚಳಿಗಾಲ ಆಯ್ತೇನೋ. ಬಲದ್ದು ನಡೀತಾ ಇದೆ. ನಿನ್ನ ಕೈ ಕಂಡ್ರೆ ಸಾಕು ನಂಗೆ. ಗಸ್‌ಗೆ ಹೇಳ್ಬೇಡ. ಅವನು ಒಳ್ಳೇವ್ನೇ, ಆದ್ರೆ ನಾಳೇನೇ ಅವನ ಅಳಿಯನ್ನ ತಂದು ಸ್ಟೂಲ್ ಮೇಲೆ ಕೂರಿಸ್ತಾನೆ.”

“ಡ್ವೇನ್, ನನ್ನ ಆಂಪಿಂದ್ಲೇ ಇದು…”

“ಅಯ್ಯೋ, ಗಿರಣಿಯಲ್ಲಿ ಅಷ್ಟು ವರ್ಷ ಯಂತ್ರದ ಪಕ್ಕ ನಿಂತಿದ್ದೀನಿ. ಅಲ್ಲೇನು ಕಮ್ಮಿ ಗಲಾಟೆನಾ?”

ಗಿರಣಿಯಲ್ಲಿ ಎಲ್ಲರೂ ಕಿವಿಗೆ ದಪ್ಪ ಮುಚ್ಚಳ ಹಾಕಿಕೊಳ್ಳಲೇಬೇಕಿತ್ತು. ಅದಿಲ್ಲದೆ ಕಾವಲಿನವನು ಒಳಗೇ ಬಿಡುತ್ತಿರಲಿಲ್ಲ. ಅದೇ ಗಿರಣಿಯಲ್ಲಿ ದುಡಿದವಳಿಗೆ ಅದು ಗೊತ್ತಿಲ್ಲದ್ದಲ್ಲ. ಅವಳಿಗೆ ಗೊತ್ತಿದೆ ಎಂಬುದು ಅವನಿಗೂ ಗೊತ್ತಿತ್ತು. ಬೈದಿದ್ದರೆ ಎದುರುತ್ತರ ಕೊಟ್ಟು ಹಗುರಾಗುತ್ತಿದ್ದಳೇನೋ. ಅವನು ಅವಳಿಗಾಗಿ ಸುಳ್ಳನ್ನೂ ತಾನೇ ಹೊಂದಿಸಿಟ್ಟಿದ್ದ. ಅವಳು ಕಿಟಕಿಯ ಕಡೆಗೆ ತಿರುಗಿ, ಗಾಜಿಗೆ ಹೇಳುವಂತೆ, “ತಪ್ಪಾಯ್ತು ಕಣೋ,” ಎಂದಳು.

“ಏನಂದೆ?”

ಇನ್ನೊಮ್ಮೆ ಹೇಳಬಹುದಿತ್ತು. ಬಾಯಿ ತೆರೆದಳು ಕೂಡ.

“ಮನೇಲಿ ಹಾಲಿಲ್ಲ ಅಂದೆ.”

ಡ್ವೇನ್ ತಲೆಯಾಡಿಸಿ, ಮುಂದಿನ ತಿರುವಿನಲ್ಲಿ ಅಂಗಡಿಯ ಕಡೆಗೆ ಕಾರು ತಿರುಗಿಸಿದ.

ಶುಕ್ರವಾರ ಸಂಜೆ ಪೆಗ್‌ಳ ಬಾರು ಬೇಗನೇ ತುಂಬಿತು. ಕರಿದ ಮೀನು, ಎಲೆಕೋಸು, ರೈ ಬ್ರೆಡ್ಡಿನ ತಟ್ಟೆಗಳು ತಲೆಗಳ ಮೇಲಿಂದ ಸಾಗುತ್ತಿದ್ದವು. ಮಾರ್ಲಿಸ್ ಹೊಸ ಆಂಪನ್ನು ಡ್ವೇನನ ಬಲಗಡೆಗೆ ಒಯ್ದು, ಕುರ್ಚಿಯ ಮೇಲಿಟ್ಟು, ಅದರ ಮುಖ ಅವನತ್ತ ಸ್ವಲ್ಪ ವಾಲುವಂತೆ ಮಾಡಿದಳು.

“ಇದ್ಯಾಕೆ ಅಲ್ಲಿ?” ಗಸ್ ಬೇಸಿನ ತಂತಿ ಬಿಗಿಯುತ್ತಾ ಕೇಳಿದ.

“ಆ ಕಡೆ ಪ್ಲಗ್ಗು ಸಡಿಲ.”

ಡ್ವೇನ್ ಕೋಲುಗಳನ್ನು ಕೈಗೆತ್ತಿಕೊಂಡ.

ಮೊದಲ ಹಾಡು ಶುರುವಾಯಿತು. ಗುಂಡಿಯನ್ನು ಎಲ್ಲಿಯವರೆಗೆ ತಿರುಗಿಸುವುದೆಂದು ಅವಳಿಗೆ ತಿಳಿಯಲಿಲ್ಲ. ಏರಿಸಿದರೆ ಅವನಿಗೆ ಉಳಿದಿರುವ ಕಿವಿಯೂ ಹೋಗುತ್ತದೆ, ಇಳಿಸಿದರೆ ಅವನಿಗೆ ತಾಳ ತಪ್ಪುತ್ತದೆ. ಒಂದು ಸಾಲು ನುಡಿಸಿ ಸ್ವಲ್ಪ ಇಳಿಸಿದಳು. ಇನ್ನೊಂದು ಸಾಲಾದ ಮೇಲೆ ಮತ್ತೂ ಸ್ವಲ್ಪ. ಆ ಪುಟ್ಟ ಪೆಟ್ಟಿಗೆಯ ದನಿ, ಅವಳಿಗಿಷ್ಟವಾಗಿದ್ದ ಆ ಒಡಕು, ಕರಗಿ ಹೋಯಿತು. ಉಳಿದದ್ದು ಬೋಳು ಸ್ವರ. ಡ್ವೇನನ ಪೆಟ್ಟು ಒಂದು ಕ್ಷಣ ಹಿಂದೆ ಬಿತ್ತು. ಗಸ್ ಕತ್ತು ಹೊರಳಿಸಿ ನೋಡಿದ.

ಆಗ ಮಾರ್ಲಿಸ್ ಜನರಿಗೆ ಮುಖ ಮಾಡಿ ನಿಂತಿದ್ದವಳು ಮೆಲ್ಲಗೆ ಡ್ವೇನನ ಕಡೆಗೆ ತಿರುಗಿ ನಿಂತಳು. ಮುಂದಿನ ಮೇಜಿನವರಿಗೆ ಅವಳ ಭುಜ ಮಾತ್ರ ಕಾಣುತ್ತಿತ್ತು.

“ಮಾರ್ಲಿಸ್, ಈ ಕಡೆ ತಿರುಗಮ್ಮ, ನಿನ್ನ ಬೆನ್ನು ನೋಡೋಕೆ ಬಂದಿದ್ದಾರಾ ಜನ?” ಎಂದು ಪೆಗ್ ಕೌಂಟರಿನ ಹಿಂದಿನಿಂದ ಕೂಗಿದಳು. ಯಾರೋ ನಕ್ಕರು.

ಅವಳು ತಿರುಗಲಿಲ್ಲ. ಒಂದೊಂದು ಬಡಿತಕ್ಕೂ ಕೈಯನ್ನು ಹಾಡಿಗೆ ಬೇಕಾದುದಕ್ಕಿಂತ ಹೆಚ್ಚು ಮೇಲಕ್ಕೆತ್ತಿ, ನೋಯುವ ಭುಜದಿಂದಲೇ ಅಗಲವಾಗಿ ಬೀಸಿ, ತಂತಿಗಳ ಮೇಲೆ ಮಾತ್ರ ಹಗುರವಾಗಿ ಇಳಿಸುತ್ತಿದ್ದಳು.