ಗಾಜಿನ ನೆಲ

ಎಣ್ಣೆಯಲ್ಲಿ ಅಂಬೊಡೆ ಸುಯ್ ಎನ್ನುತ್ತಿದೆ, ಆ ಸದ್ದಿನ ಮೇಲೆ ಹಾಲಿನಿಂದ ಅತ್ತಿಗೆಯ ದನಿ, ಹೊಸಾ ಲಿಫ್ಟು ಕಣವ್ವ, ನೆಲ ಪೂರ್ತಾ ಗಾಜು, ಕೆಳಕ್ ನೋಡಿದ್ರೆ ಮರದ ನೆತ್ತಿ ಕಾಣ್ತದೆ — ಶಶಿಕಲಾಳ ಕೈ ಬಾಣಲೆಯ ಮೇಲೆ ಹಾಗೇ ನಿಂತಿತು, ಇನ್ನೇನು ಕಥೆಯಲ್ಲಿ ಆ ಜಾಗಕ್ಕೆ ಬರುತ್ತಾರೆ, ಬಂದಾಗ ಏನು ಹೇಳುತ್ತಾರೋ, ಬೇಸಿಗೆಯಲ್ಲಿ ಫಾರಿನ್ ಟೂರಿಗೆ ಹೋಗಿಬಂದ ಮೇಲೆ ಯಾರ ಮುಂದೆಯೂ ಅದನ್ನು ಎತ್ತಿಲ್ಲ, ಇವತ್ತು ಪಕ್ಕದ ಮನೆಯ ಶಂಕ್ರವ್ವ ಬಿಡುತ್ತಿಲ್ಲ, ಮುಂದ ಏನಾತ್ರಿ ಅಕ್ಕಾರ ಎಂದು ಕೆದಕುತ್ತಲೇ ಇದ್ದಾಳೆ, ಆಕೆಗೇನು ಗೊತ್ತು ಪಾಪ, ಬಾದಾಮಿ ಕಡೆಯಿಂದ ಬಂದು ರಾಜಾಜಿನಗರದಲ್ಲಿ ಮನೆ ಮಾಡಿದವಳಿಗೆ ಹಿಮದ ಬೆಟ್ಟ ಅಂದರೆ ಒಂದು ಕಥೆ, ಅತ್ತಿಗೆಗೂ ಒಂದು ಕಾಲಕ್ಕೆ ಅಷ್ಟೇ ಆಗಿತ್ತು. ಯಶೋದಮ್ಮ, ಶಶಿಕಲಾಳ ಗಂಡ ನಾಗೇಂದ್ರನ ಅಕ್ಕ, ತಮ್ಮ ಗಂಡ ಹೋದ ಮೇಲೆ ಮಾರೇನಹಳ್ಳಿಯ ಬಳೆ ಅಂಗಡಿಯನ್ನು ಒಬ್ಬರೇ ನಡೆಸಿದವರು, ಅಂಗಡಿಯ ಹಿಂದಿನ ಒಂದೇ ಕೋಣೆಯಲ್ಲಿ ಇಷ್ಟು ವರ್ಷ ಕಳೆದವರು, ಶಶಿಕಲಾಳನ್ನು ನೋಡಲು ಬಂದ ದಿನ ತಾವೇ ಅವಳ ಅಂಗೈಗೆ ಸೋಪು ಸವರಿ ನೋವಾಗದ ಹಾಗೆ ಹಸಿರು ಬಳೆ ಏರಿಸಿ, ಈ ಹುಡುಗೀನೇ ಸರಿ ಕಣೋ ಎಂದವರು — ಸಾಯೋದ್ರೊಳಗೆ ಒಂದ್ಸಲ ಆ ಹಿಮ ಮುಟ್ಬೇಕು ಎಂದದ್ದು ಅವರೇ, ತನಗೆ ರಜೆ ಸಿಗಲ್ಲ ಎಂದದ್ದು ನಾಗೇಂದ್ರ, ನೀನೇ ಜೊತೇಲಿ ಹೋಗು, ಅಕ್ಕನ್ನ ನೋಡ್ಕೋ, ಎಂದದ್ದೂ ಅವನೇ, ನೋಡಿಕೊಂಡಳಲ್ಲ, ಎಷ್ಟು ಚೆನ್ನಾಗಿ ನೋಡಿಕೊಂಡಳು.

ಆವತ್ತು ಬೆಟ್ಟದ ಬುಡದಲ್ಲಿ ಎರಡು ಹಗ್ಗದ ದಾರಿ, ಇಲ್ಲಿ ರೋಪ್‌ವೇಗೂ ಲಿಫ್ಟ್ ಅಂತಲೇ ಅನ್ನೋದು ಮೇಡಂ ಎಂದು ಗೈಡ್ ಮೋಹನ್ ಕುಮಾರ್ ಹೇಳುತ್ತಿದ್ದಾನೆ, ಹಳೆಯದರಲ್ಲಿ ಇಬ್ಬಿಬ್ಬರು ಕೂರುವ ಬರೀ ಕುರ್ಚಿ, ಕಾಲು ಹುಲ್ಲಿಗೆ ತಾಗೀತೇನೋ ಎನ್ನುವಷ್ಟು ತಗ್ಗು, ತೊಟ್ಟಿಲಿನ ಹಾಗೆ ಸಾವಕಾಶ, ಸ್ಕೀ ಆಡಲು ಬರುವವರಿಗೆ ಇದು ಸಾಲದಂತೆ, ಮುಂದಿನ ಚಳಿಗಾಲದ ಹೊತ್ತಿಗೆ ಬಿಚ್ಚಿ ಹಾಕುತ್ತಾರಂತೆ, ಅದರ ಪಕ್ಕದಲ್ಲೇ ಬೆಟ್ಟ ಅಗೆದು ಕಾಂಕ್ರೀಟು ಸುರಿದು ಎಬ್ಬಿಸಿದ ಹೊಸ ಕಂಬಗಳು, ಕಪ್ಪಗೆ ಹೊಳೆಯುವ ಡಬ್ಬಿಗಳು, ಬೆಚ್ಚಗಿನ ಸೀಟು, ಕೂತು ಕಣ್ಣು ಮಿಟುಕಿಸುವುದರೊಳಗೆ ತುದಿಯಂತೆ. ನಾವು ಆ ಕುರ್ಚೀಲೇ ಹೋಗನ ಶಶಿ, ಬಿದ್ರೂ ಹುಲ್ಲಿನ ಮ್ಯಾಲೆ ಬೀಳ್ತೀವಿ, ಎಂದರು ಅತ್ತಿಗೆ. ಅಯ್ಯೋ ಅತ್ತಿಗೆ, ಇಷ್ಟು ದೂರ ಬಂದು ಅದರಲ್ಲಿ ಯಾರು ಹೋಗ್ತಾರೆ — ಹಾಗೆಂದವಳು ಯಾರು, ಮಗಳು ಅನು ಕೊಟ್ಟ ಜೀನ್ಸು ಹಾಕಿಕೊಂಡು, ಕಪ್ಪು ಕನ್ನಡಕ ತಲೆಗೇರಿಸಿಕೊಂಡು, ಕ್ಯೂನಲ್ಲಿ ಆಗಷ್ಟೇ ಪರಿಚಯವಾದ ಇನ್ನೊಂದು ಬಸ್ಸಿನ ಚೇತನಾ ಜೊತೆ ನಗುತ್ತಿದ್ದವಳು, ಬೆಂಗಳೂರಾ, ನಾವೂ ಅಷ್ಟೇ, ಬಸವೇಶ್ವರನಗರ, ಪ್ರತಿ ವರ್ಷ ಬರ್ತೀವಿ, ಹೊಸ ಲಿಫ್ಟ್ ಮಿಸ್ ಮಾಡ್ಬೇಡಿ, ಚೇತನಾಳ ಮೈಯಿಂದ ಒಳ್ಳೆಯ ಸೆಂಟಿನ ವಾಸನೆ, ಹಿಂದಿನಿಂದ ಅತ್ತಿಗೆ ತೋಳು ಜಗ್ಗಿದರು, ಸೀರೆಯ ಮೇಲೆ ಗಂಡಸರ ಕೋಟು, ಮಂಕಿ ಕ್ಯಾಪು, ಕಾಲಿಗೆ ನಾಗೇಂದ್ರನ ಹಳೆಯ ಕ್ಯಾನ್ವಾಸ್ ಶೂ, ಕಿವಿಯ ಹತ್ತಿರ ಬಂದು, ಒಂದಕ್ಕೆ ಹೋಗ್ಬೇಕು ಕಣೆ. ಬಾಗಿಲು ಹತ್ತಿರ ಬಂದಿತ್ತು, ಈಗ ಕ್ಯೂ ಬಿಟ್ಟರೆ ಮತ್ತೆ ಹಿಂದಿನಿಂದ, ಚೇತನಾ ಬೇರೆ ಡಬ್ಬಿಗೆ. ಮೇಲೆ ಇದೆ ಅತ್ತಿಗೆ, ಈಗ ಹೋಗಿಬಿಡ್ತೀವಿ, ತಡ್ಕೊಳ್ಳಿ, ಎಂದಳು ಚೇತನಾಗೆ ಕೇಳದ ಹಾಗೆ. ತಡೆದುಕೊಂಡರು. ಡಬ್ಬಿಯೊಳಗೆ ಕೂತ ಮೇಲೆ ತಮ್ಮ ಕಾಲಕೆಳಗಿನ ಗಾಜು ಕಂಡು ಕಾಲು ಮೇಲಕ್ಕೆತ್ತಿಕೊಂಡರು, ನೆಲಕ್ಕೆ ತಾಗದ ಹಾಗೆ, ಎರಡೂ ಕಾಲು, ಎಳೆ ಮಗುವಿನ ಹಾಗೆ — ಶಶಿಕಲಾಗೆ ನಗು ಬಂತು, ಫೋಟೋ ತೆಗೆಯುತ್ತಿದ್ದಳು, ಆಗ ಡಬ್ಬಿ ಒಂದು ಸಲ ಜೋಲಿ ಹೊಡೆದು ನಿಂತಿತು. ಗಾಳಿ ಜಾಸ್ತಿಯಾದರೆ ನಿಲ್ಲಿಸುತ್ತಾರಂತೆ, ಹೊಸ ಯಂತ್ರಕ್ಕೆ ಅಷ್ಟು ಸೂಕ್ಷ್ಮವಂತೆ, ಆಮೇಲೆ ತಿಳಿದದ್ದು, ಆಗ ಬರೀ ಗಾಳಿಯ ಹುಯಿಲು, ಕೆಳಗೆ ಬಿಳಿ ಪಾತಾಳ, ಅತ್ತಿಗೆ ಕಣ್ಣು ಮುಚ್ಚಿ ಆಂಜನೇಯ ಆಂಜನೇಯ ಎನ್ನುತ್ತಿದ್ದಾರೆ, ಕೈ ಪಕ್ಕಕ್ಕೆ ಚಾಚಿದ್ದಾರೆ, ಹುಡುಕುತ್ತಿದೆ ಆ ಕೈ, ಹಿಡಿಯಬಹುದಿತ್ತು, ಒಂದು ಮೊಳ ದೂರ — ಆಮೇಲೆ ಆ ವಾಸನೆ, ಸೀರೆಯ ಅಂಚಿನಿಂದ ಗಾಜಿನ ಮೇಲೆ ಹಳದಿ ನೀರು ದಾರವಾಗಿ ಹರಿಯಿತು, ಚೇತನಾ ತನ್ನ ಬ್ಯಾಗು ಎತ್ತಿಕೊಂಡಳು, ಮೂಗಿಗೆ ಕರ್ಚೀಫು ಹಿಡಿದು ಮೆಲ್ಲಗೆ ಕೇಳಿದಳು, ನಿಮ್ಮವರಾ? ಶಶಿಕಲಾ ಕಿಟಕಿಯ ಹೊರಗೆ ನೋಡಿದಳು, ಅಲ್ಲ, ನಮ್ಮ ಗ್ರೂಪಿನವರು. ಅತ್ತಿಗೆಯ ಕೈ ಮಡಿಲಿಗೆ ಹಿಂದಿರುಗಿತು, ಕಾಲು ಮಾತ್ರ ಹಾಗೇ ಎತ್ತಿದ್ದವು. ಮೇಲೆ ಹೋದ ಮೇಲೆ ತಾವೇ ದಾರಿ ಕೇಳಿಕೊಂಡು, ಕನ್ನಡದಲ್ಲೇ ಕೇಳಿಕೊಂಡು, ಬಚ್ಚಲಿಗೆ ಹೋಗಿ ಸೀರೆ ಹಿಂಡಿ ಬಂದರು, ಹಿಮವನ್ನು ಒಂದು ಬೆರಳಿಂದ ಮುಟ್ಟಿ, ತಣ್ಣಗೈತೆ, ಎಂದರು, ಅಷ್ಟೇ, ಇಳಿಯುವಾಗ ಒಬ್ಬರೇ ಹೋಗಿ ಹಳೆಯ ಕುರ್ಚಿಯಲ್ಲಿ ಕೂತರು.

ಅಂಬೊಡೆ ಒಂದು ಬದಿ ಕಪ್ಪಾಗಿದೆ, ತಿರುವಿ ಹಾಕಿದಳು, ಹಾಲಿನಲ್ಲಿ ಕಥೆ ಮುಂದುವರಿದಿದೆ, ಮಧ್ಯದಾಗೆ ನಿಂತ್ಬುಡ್ತು ಶಂಕ್ರವ್ವ, ಜೀವ ಬಾಯಿಗ್ ಬಂತು, ನಮ್ ಶಶಿ ಇದ್ಲಲ್ಲ, ನನ್ ಕೈ ಗಟ್ಟಿಯಾಗಿ ಹಿಡ್ಕೊಂಡ್ಲು ನೋಡು, ಮ್ಯಾಲೆ ಹೋಗೋಗಂಟ ಬುಡ್ಲಿಲ್ಲ — ಶಶಿಕಲಾ ಒಲೆ ಸಣ್ಣಗೆ ಮಾಡಿದಳು, ಬೈದಿದ್ದರೆ, ಎಲ್ಲರ ಮುಂದೆ ಹೇಳಿಬಿಟ್ಟಿದ್ದರೆ, ತಲೆ ತಗ್ಗಿಸಿ ನಿಂತುಬಿಡುತ್ತಿದ್ದಳು, ಇದಕ್ಕೆ ಎಲ್ಲಿ ತಲೆ ತಗ್ಗಿಸುವುದು, ಶಂಕ್ರವ್ವ ಲೊಚಗುಟ್ಟುತ್ತಿದ್ದಾಳೆ, ಪುಣ್ಯಾ ಮಾಡೀರಿ, ಇಂಥಾಕಿ ಸಿಗಬೇಕಂದ್ರ, ಅಲ್ಲೇ ಕೂತಿದ್ದ ನಾಗೇಂದ್ರನಿಗೆ ಅದೇ ಎಳೆ ಸಿಕ್ಕಿತು, ಬೆಳಗಿನಿಂದ ಹೇಗೆ ಶುರು ಮಾಡುವುದೋ ಎಂದು ಒದ್ದಾಡುತ್ತಿದ್ದವನು, ಹಂಗಾದ್ರೆ ಅಕ್ಕ, ಇನ್ನಾದ್ರೂ ಆ ರೂಮು ಬಿಟ್ಟು ಇಲ್ಲಿಗೇ ಬಂದ್ಬಿಡು, ಫಾರಿನ್ನಲ್ಲೇ ಅಷ್ಟು ಚೆನ್ನಾಗಿ ನೋಡ್ಕೊಂಡವಳು ಮನೇಲಿ ನೋಡ್ಕೊಳ್ಳಲ್ವಾ. ಶಶಿಕಲಾ ಸೌಟು ಕೆಳಗಿಟ್ಟು ಬಾಗಿಲ ಕಡೆ ಕಿವಿಗೊಟ್ಟಳು. ಹೂಂ ಅನ್ನಲಿ, ದೇವರೇ, ಹೂಂ ಅಂದುಬಿಡಲಿ, ಬಿಸಿನೀರು ಕಾಯಿಸಿ ಕೊಡುತ್ತೇನೆ, ಕಾಲು ಒತ್ತುತ್ತೇನೆ, ಸೀರೆ ಒಗೆಯುತ್ತೇನೆ. ಬ್ಯಾಡ ಕಣೋ, ಎಂದಿತು ಅತ್ತಿಗೆಯ ದನಿ, ರಾತ್ರಿ ಸುಮ್ನೆ ಸುಮ್ನೆ ಬಚ್ಚಲಿಗೆ ಏಳ್ತೀನಿ, ಒಂದೊಂದ್ಸಲ ತಡಿಯಾಕಾಗಲ್ಲ, ನಿಮಗ್ಯಾಕೆ ತೊಂದ್ರೆ, ನನ್ ರೂಮೇ ನಂಗೆ ಸರಿ.

ನಾಗೇಂದ್ರ ಇನ್ನೂ ಏನೋ ಹೇಳುತ್ತಿದ್ದಾನೆ, ಏಳೋದು ದೊಡ್ಡ ವಿಷ್ಯಾನಾ ಅಕ್ಕ, ಅಷ್ಟರಲ್ಲಿ ಬಾಗಿಲಲ್ಲಿ ನೆರಳು, ಅತ್ತಿಗೆ ಖಾಲಿ ತಟ್ಟೆ ಹಿಡಿದು ಒಳಗೆ ಬಂದರು, ಅದನ್ನು ಕಟ್ಟೆಯ ಮೇಲಿಟ್ಟು, ಅಂಗಡಿಯಲ್ಲಿ ಬಳೆಯ ಅಳತೆ ಕೇಳುವ ಅದೇ ಮೆತ್ತನೆಯ ದನಿಯಲ್ಲಿ, ನಾ ಸರಿಯಾಗಿ ಹೇಳಿದ್ನಾ ಶಶಿ, ಎಂದರು. ಮುಖದಲ್ಲಿ ಕೊಂಕಿಲ್ಲ, ಹುಡುಕಿದರೂ ಇಲ್ಲ, ಇದ್ದಿದ್ದರೆ ಬದುಕುತ್ತಿದ್ದಳು. ಅತ್ತಿಗೆ, ಆವತ್ತು ನಾನು — ಬುಡು, ಎಂದರು ಅವರು, ನಾಗೇಂದ್ರಂಗೆ ಗೊತ್ತಾಗೋದು ಬ್ಯಾಡ, ಅವನು ನಿನ್ ಮ್ಯಾಲೆ ಪ್ರಾಣ ಇಟ್ಕೊಂಡವ್ನೆ. ತಟ್ಟೆಗೆ ತಾವೇ ನಾಲ್ಕು ಅಂಬೊಡೆ ಹಾಕಿಕೊಂಡು ಹೊರಟರು, ಹೋಗುತ್ತಿದ್ದಾರೆ, ಮೂರು ಹೆಜ್ಜೆ ಹಾಕಿದರೆ ಸಾಕು, ಆ ಕೈ ಹಿಡಿದು ಎಲ್ಲರ ಮುಂದೆ ಹೇಳಿಬಿಡಬಹುದು, ಇವರು ನನ್ನವರು ಎಂದು, ಈಗ, ಈಗಲೇ, ಆದರೆ ಅವಳು ಕದಲಲಿಲ್ಲ, ಮನಸ್ಸು ಮುಂದಕ್ಕೆ ಹೋಗಲೊಲ್ಲದು, ಗಾಳಿಯಲ್ಲಿ ನಿಂತುಬಿಟ್ಟಿದೆ, ಎರಡು ಕಾಲು, ನಾಗೇಂದ್ರನ ಹಳೆಯ ಶೂ, ಒದ್ದೆಯಾದ ಲೇಸು, ಗಾಜಿಗೆ ತಾಗದ ಹಾಗೆ ಎತ್ತಿ ಹಿಡಿದ ಎರಡು ಕಾಲು, ಇಳಿಸಲಾರದೆ, ಎತ್ತಿಯೇ ಹಿಡಿದ ಎರಡು ಕಾಲು —