ಕೆಂಪಯ್ಯನವರ ಕಲಬೆರಕೆ ಎಂಜಿನ್

ನಮ್ಮ ಮನೆಯಲ್ಲಿ ಐದು ತಿಂಗಳು ಊಟದ ಟೇಬಲ್ ಇರಲಿಲ್ಲ. ಅಂದರೆ ಟೇಬಲ್ ಇತ್ತು, ಅದರ ಮೇಲೆ ಬೈಕಿನ ಎಂಜಿನ್ ಇತ್ತು. ನಾವು ಮೂರು ಜನ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದೆವು. ಸಾರಿಗೆ ಗ್ರೀಸಿನ ವಾಸನೆ, ಮಜ್ಜಿಗೆಗೆ ಪೆಟ್ರೋಲಿನ ವಾಸನೆ. ಒಂದು ಬೆಳಿಗ್ಗೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದರೆ ಒಳಗೆ ಪಿಸ್ಟನ್ ಕೂತಿದೆ! ಬಿಸಿ ಮಾಡಿದರೆ ಅದರ ಪಿನ್ನು ಸಲೀಸಾಗಿ ಹೋಗುತ್ತದಂತೆ. ನನ್ನ ಗಂಡ ರವಿಚಂದ್ರನವರು ಹೇಳಿದ್ದು.

ನಾನು ಚಾಮುಂಡೇಶ್ವರಿ, ಹೈಸ್ಕೂಲಿನಲ್ಲಿ ಗಣಿತದ ಮೇಡಂ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮೈಸೂರಿನ ಸಿದ್ಧಾರ್ಥನಗರದ ನಮ್ಮ ರಸ್ತೆಯವರೆಲ್ಲ ಹೇಳುತ್ತಾರೆ. ಅವರ ಇಡ್ಲಿ ಪಾತ್ರೆಯಲ್ಲಿ ಪಿಸ್ಟನ್ ಬೇಯಲಿ, ಆಮೇಲೆ ಅವರ ಕೋಪ ಎಲ್ಲಿರುತ್ತದೋ ನೋಡೋಣ.

ಬೈಕು ನನ್ನ ಮಾವ ಕೆಂಪಯ್ಯನವರದು. ಎಪ್ಪತ್ತೊಂದರ ಜಾವಾ. ಮಾವ ಯಾದವಗಿರಿಯ ಬೈಕ್ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಎಂಜಿನ್ ಜೋಡಿಸಿದವರು. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು, ಮಾವನಿಗೆ ಎಂಬತ್ತು ದಾಟಿತು, ಬೈಕು ಹಿತ್ತಲಲ್ಲಿ ಟಾರ್ಪಾಲು ಹೊದ್ದು ನಿಂತಿತ್ತು. ನಮ್ಮ ಇವರು ಬ್ಯಾಂಕಿನಿಂದ ಸ್ವಯಂ ನಿವೃತ್ತಿ ತೆಗೆದುಕೊಂಡ ಮೂರನೇ ವಾರಕ್ಕೆ ಆ ಟಾರ್ಪಾಲು ಎತ್ತಿದರು. ಎಂಜಿನ್ ಇಳಿಸಿ, ಬಿಚ್ಚಿ, ಮನೆಯಲ್ಲೇ ಹೊಸದು ಮಾಡುತ್ತೇನೆ ಎಂದರು. ಸ್ಟೇಪ್ಲರಿನಲ್ಲಿ ಪಿನ್ನು ಸಿಕ್ಕಿಕೊಂಡರೆ ಅಟೆಂಡರನ್ನು ಕೂಗುತ್ತಿದ್ದ ಮನುಷ್ಯ!

ಇವರ ಗುರು ಯೂಟ್ಯೂಬಿನಲ್ಲಿ ಬರುವ ಯಾವುದೋ ಪರದೇಶದ ಗಡ್ಡದವನು. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಕೊಂಡು ಒಂದೊಂದು ನಟ್ಟಿಗೆ ಹತ್ತು ಸಲ ವಿಡಿಯೊ ನಿಲ್ಲಿಸುವುದು. ಮೂರಡಿ ಆಚೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಾವ, ನಡುಗುವ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತ ಕೂತಿರುವುದು. ಇವರು ಒಂದು ಮಾತು ಕೇಳುವುದಿಲ್ಲ, ಅವರು ಒಂದು ಮಾತು ಹೇಳುವುದಿಲ್ಲ. ಇವರು ಕ್ಲಚ್ ಪ್ಲೇಟುಗಳನ್ನು ಹಿಂದುಮುಂದಾಗಿ ಹಾಕಿದಾಗ ಮಾವ ಕಣ್ಣು ಮುಚ್ಚಿಕೊಂಡದ್ದನ್ನು ನಾನೇ ಕಂಡೆ.

"ಮಾವ, ತಪ್ಪು ಅಂತ ನಿಮ್ಗೆ ಗೊತ್ತಾಗ್ತಿದೆ. ಬಾಯಿಬಿಟ್ಟು ಹೇಳ್ಬಾರ್ದಾ?" ಎಂದೆ.

"ಕಾರ್ಖಾನೆ ಲೈನಲ್ಲಿ ಒಬ್ಬನ ಬೆಂಚಿಗೆ ಇನ್ನೊಬ್ಬ ಕೈ ಹಾಕೋ ಹಂಗಿರ್ನಿಲ್ಲ ಕಣವ್ವ. ಬಾಯೂ ಹಾಕೋ ಹಂಗಿಲ್ಲ. ಕಷ್ಟ ಬಂದ್ರೆ ಅವನೇ ಹೆಸರಿಡಿದು ಕರೀತಾನೆ. ಆಗ ಹೋಗ್ಬೇಕು."

"ಇದು ಬೆಂಚಲ್ಲ ಮಾವ, ನನ್ನ ಊಟದ ಟೇಬಲ್ಲು!"

"ಕೆಲ್ಸ ಮಾಡ್ತಾವ್ನಲ್ಲ, ಅದೇ ಬೆಂಚು," ಎಂದರು ಮಾವ.

ಮಗ ಅಪ್ಪನನ್ನು ಹೆಸರು ಹಿಡಿದು ಕರೆಯುವುದು ನಮ್ಮಲ್ಲಿಲ್ಲ. 'ಅಪ್ಪ, ಸ್ವಲ್ಪ ಬಾ' ಎಂದಿದ್ದರೂ ಮಾವ ಎದ್ದು ಬರುತ್ತಿದ್ದರು. ಅದನ್ನೇ ಇವರಿಗೆ ಹೇಳಿದೆ. "ಪಾಪ, ಈ ವಯಸ್ಸಲ್ಲಿ ಅಪ್ಪಂಗ್ಯಾಕೆ ತೊಂದ್ರೆ ಕೊಡೋದು ಚಾಮು? ಎಲ್ಲ ಮರೆತೋಗಿರುತ್ತೆ," ಎಂದು ಮತ್ತೆ ಗಡ್ಡದವನ ಕಡೆ ತಿರುಗಿದರು.

ಅಷ್ಟರಲ್ಲಿ ಇವರು 'ಪಾರಂಪರಿಕ ದ್ವಿಚಕ್ರ ಬಳಗ' ಎಂಬ ವಾಟ್ಸಾಪ್ ಗುಂಪು ಸೇರಿದ್ದರು. ಅದರ ಅಧ್ಯಕ್ಷ ಮನೋಹರ್ ಸೈಟಿನ ವ್ಯಾಪಾರಿ. ಏಪ್ರಿಲ್ ಬಿಸಿಲಲ್ಲೂ ಚರ್ಮದ ಜಾಕೆಟ್ ಹಾಕುವ ಆಸಾಮಿ. ಆತ ಸ್ವಂತ ಕೈಯಲ್ಲಿ ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಿದ್ದನ್ನು ಕಂಡವರಿಲ್ಲ. ಮೂರು ಮಾತಿಗೊಮ್ಮೆ 'ಒರಿಜಿನಲ್' ಅನ್ನುತ್ತಿದ್ದ, ಅಷ್ಟೆ. ಒಂದು ಸಂಜೆ ನಮ್ಮ ಮನೆಗೆ ಬಂದು, ನನ್ನ ಕಾಫಿ ಕುಡಿಯುತ್ತ, ಟೇಬಲ್ಲಿನ ಸುತ್ತ ಎರಡು ಪ್ರದಕ್ಷಿಣೆ ಹಾಕಿದ.

"ಬೇಜಾರ್ ಮಾಡ್ಕೋಬೇಡಿ ರವಿ ಸರ್. ಕೇಸಿಂಗ್ ಒಂದು ವರ್ಷದ್ದು, ಸಿಲಿಂಡರ್ ಇನ್ನೊಂದು ವರ್ಷದ್ದು. ಈ ಬೋಲ್ಟ್‌ಗಳು ಯಾರೋ ಲೇತಲ್ಲಿ ತಿರುವಿರೋದು. ಇದು ಕಲಬೆರಕೆ ಎಂಜಿನ್ನು. ಯಾವನೋ ಲೋಕಲ್ ಮೆಕ್ಯಾನಿಕ್ ಕೆಡಿಸ್ಬಿಟ್ಟಿದಾನೆ. ಒರಿಜಿನಲ್ ಹುಡುಕಿ, ಪೂರ್ತಿ ಬದಲಾಯಿಸ್ಬಿಡಿ."

ಆ ಲೋಕಲ್ ಮೆಕ್ಯಾನಿಕ್ ಅಲ್ಲೇ ಕುರ್ಚಿಯಲ್ಲಿ ಕೂತು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

ವಾರದೊಳಗೆ ಲಷ್ಕರ್ ಮೊಹಲ್ಲಾದ ಗುಜರಿ ಅಂಗಡಿಯಿಂದ 'ಯಾರೂ ಮುಟ್ಟದ' ಎಂಜಿನ್ ಬಂತು. ಯಾರೂ ಮುಟ್ಟದ ಎಂಜಿನ್ನಿಗೆ ಹೊಸ ಪಿಸ್ಟನ್ ಬೇಕಾಯಿತು, ಹೊಸ ಬೇರಿಂಗ್ ಬೇಕಾಯಿತು, ಸಿಲಿಂಡರ್ ಕೊರೆಸಲು ಮೇಟಗಳ್ಳಿಗೆ ನಾಲ್ಕು ಸಲ ಓಡಾಟವಾಯಿತು. ಕೊನೆಗೆ ಅದರಲ್ಲಿ ಒರಿಜಿನಲ್ ಆಗಿ ಉಳಿದದ್ದು ತುಕ್ಕು ಒಂದೇ. ಮಾವನ ಎಂಜಿನ್ನಿನ ಬಿಡಿ ಭಾಗಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ವರಾಂಡದ ಮೂಲೆಗೆ ಇಟ್ಟರು. ಹಳೇ ಮಿಕ್ಸಿ ಕೊಟ್ಟು ಹೊಸದು ತರುವ ಹಾಗೆ ಎಕ್ಸ್‌ಚೇಂಜಂತೆ. ಭಾನುವಾರ ಗುಜರಿಯವರು ಬಂದು ಒಯ್ಯುವುದೆಂದು ಮಾತಾಗಿತ್ತು.

ಚೀಲ ಕಟ್ಟಿದ ಸಂಜೆ ಮಾವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಚಾಮುಂಡವ್ವ, ಅದನ್ನ ಕೊಟ್ಬುಡ್ತಾನಂತಾ?"

"ಹೂಂ ಮಾವ."

"ಎಂಬತ್ಮೂರಲ್ಲಿ ನನ್ನ ಗಾಡಿ ಎಂಜಿನ್ ಕೇಸಿಂಗು ಒಡೆದೋಯ್ತು. ಸಂಬಳದಲ್ಲಿ ಹಿಡಿಸ್ಕಂಡು ಒಂದೊಂದೇ ಸಾಮಾನು ಕೊಂಡೆ. ಸಣ್ಣಮಾದಯ್ಯ ಕ್ರ್ಯಾಂಕ್ ಕೂರಿಸ್ಕೊಟ್ಟ. ಕೃಷ್ಣಪ್ಪ ಬೋಲ್ಟ್ ತಿರುವ್ದ. ಪಕ್ಕದ ಬೆಂಚಿನೋರೆಲ್ಲ ಊಟದ ಹೊತ್ತಲ್ಲಿ ಬಂದು ಕೈ ಹಾಕಿದ್ರು. ಈಗ ಅವ್ರಲ್ಲಿ ಒಬ್ರೂ ಇಲ್ಲ ಕಣವ್ವ. ಅದೊಂದು ಮನೇಲಿದ್ರೆ ಅವ್ರೂ ಇದ್ದಂಗೆ ಅನ್ಕೊಂಡಿದ್ದೆ. ಒಂದ್ಸಲ ಸದ್ದು ಕೇಳ್ಬೇಕಿತ್ತು."

"ಹಂಗಾದ್ರೆ ಕೊಡಬೇಡ ಅನ್ನಿ ಮಾವ!"

"ನನ್ನ ಕೇಳ್ನಿಲ್ವಲ್ಲ," ಎಂದು ಹೊರಟುಹೋದರು. ನನಗೆ ಅಪ್ಪ ಮಗ ಇಬ್ಬರ ಮೇಲೂ ಕೋಪ ಬಂತು.

ಇವರ ಹತ್ತಿರ ಜಗಳವಾಡಿದೆ. "ಸೆಂಟಿಮೆಂಟ್ ಬೇರೆ, ರೆಸ್ಟೊರೇಷನ್ ಬೇರೆ ಕಣೇ. ಭಾನುವಾರ ಅಪ್ಪಂಗೆ ಸನ್ಮಾನಾನೇ ಇಟ್ಕೊಂಡಿದೀವಲ್ಲ, ಇನ್ನೇನಾಗ್ಬೇಕು?" ಎಂದರು.

ಅಯ್ಯೋ ಆ ಸನ್ಮಾನವೇ! ಮನೆ ಮುಂದೆ ಶಾಮಿಯಾನ, ಮೈಕು, ನಲವತ್ತು ಕುರ್ಚಿ. 'ಜಾವಾ ಭೀಷ್ಮ ಕೆಂಪಯ್ಯನವರಿಗೆ ಅಭಿನಂದನೆ' ಎಂಬ ಫ್ಲೆಕ್ಸು. ಅದರಲ್ಲಿ ಮಾವನ ಮುಖ ನಿಂಬೆಹಣ್ಣಿನಷ್ಟು, ಮನೋಹರನದು ಕುಂಬಳಕಾಯಿಯಷ್ಟು. ಮಾವನಿಗೆ ಮೈಸೂರು ಪೇಟ ತೊಡಿಸಿದರು, ಶಾಲು ಹೊದಿಸಿದರು, ಗಂಧದ ಹಾರ ಹಾಕಿದರು, ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟರು. ಮನೋಹರ್ ಕಾರ್ಮಿಕರ ಕೈಚಳಕದ ಬಗ್ಗೆ ಇಪ್ಪತ್ತು ನಿಮಿಷ ಕೊರೆದ. ಆಮೇಲೆ 'ಹಿರಿಯರು ಎರಡು ಮಾತಾಡಬೇಕು' ಎಂದು ಮೈಕನ್ನು ಅವರ ಬಾಯಿಗೆ ಹಿಡಿದ.

"ಎಲ್ರೂ ಬಂದಿದ್ದು ಸಂತೋಷ. ಕಾಫಿ ಕುಡ್ಕಂಡೋಗಿ," ಎಂದರು ಮಾವ. ಜನ ಚಪ್ಪಾಳೆ ತಟ್ಟಿದರು.

ಆಮೇಲೆ ಬೈಕಿಗೆ ಪೂಜೆ. ಹೊಸ ಎಂಜಿನ್ ಹೊತ್ತ ಜಾವಾ ಹೂವಿನ ಹಾರ ಹಾಕಿಕೊಂಡು ನಿಂತಿತ್ತು. ಎಂಜಿನ್ನಿಗೆ ಗಾಳಿ ಹೋಗುವ ಕಾರ್ಬುರೇಟರಿನ ಬಾಯಿ ಮಾತ್ರ ತೆರೆದೇ ಇತ್ತು, ಏಕೆಂದರೆ ಒರಿಜಿನಲ್ ಫಿಲ್ಟರು ಇನ್ನೂ ಪಾರ್ಸೆಲ್ಲಿನಲ್ಲಿ ಬರುವುದಿತ್ತು. ಬೇರೆ ಫಿಲ್ಟರು ಹಾಕುವುದು ಬಳಗಕ್ಕೆ ಅವಮಾನ. ಮಂಗಳಾರತಿ ಆಗುತ್ತಿದ್ದಂತೆ ನಲವತ್ತು ಜನ ಮುಷ್ಟಿ ಮುಷ್ಟಿ ಅಕ್ಷತೆ ಎರಚಿದರು, ಮದುವೆ ಗಂಡಿಗೆ ಹಾಕಿದ ಹಾಗೆ. ಅರಿಶಿನ ಮೆತ್ತಿದ ಹಸಿ ಅಕ್ಕಿ. ನಾನು ಮಾವನ ಮುಖ ನೋಡಿದೆ. ಅವರು ಎಲ್ಲೋ ಒಂದು ಕಡೆ ನೆಟ್ಟ ಕಣ್ಣಿಂದ ನೋಡುತ್ತಿದ್ದರು.

ಇವರು ಕಿಕ್ ಹೊಡೆದರು. ಇಲ್ಲ. ಮನೋಹರ್ ಜಾಕೆಟ್ ಬಿಚ್ಚಿ ಹೊಡೆದ, ಇಲ್ಲ. ಒಬ್ಬ ಪಾಯಿಂಟು ಎಂದ, ಒಬ್ಬ ಕಾಯಿಲು ಎಂದ, ಮತ್ತೊಬ್ಬ ಈಗಿನ ಪೆಟ್ರೋಲೇ ಸರಿಯಿಲ್ಲ ಎಂದ. ಒಬ್ಬ ಮಹಾಶಯ ದೃಷ್ಟಿಯಾಗಿದೆ, ಇನ್ನೊಂದು ನಿಂಬೆಹಣ್ಣು ತನ್ನಿ ಎಂದ. ಜಾವಾ ಭೀಷ್ಮರನ್ನು ಯಾರೂ ಏನೂ ಕೇಳಲಿಲ್ಲ. ಅವರ ಪೇಟ ವಾಲಿತ್ತು, ಅದನ್ನು ಸರಿಮಾಡಿ ಒಂದು ಫೋಟೊ ತೆಗೆದುಕೊಂಡರು.

ಆಗಲೇ ಗುಜರಿಯವನ ಗೂಡ್ಸ್ ಆಟೋ ಬಂತು. ಇಬ್ಬರು ಇಳಿದು ಗೋಣಿಚೀಲ ಎತ್ತಿದರು. ಮಾವ ಕುರ್ಚಿಯಿಂದ ಅರ್ಧ ಎದ್ದರು. ಬುಟ್ಟಿ ಜಾರಿ ಸೇಬು, ಮೂಸಂಬಿ ಶಾಮಿಯಾನದ ತುಂಬ ಉರುಳಿದವು. ಮತ್ತೆ ಕೂತರು. ಚೀಲ ಆಟೋ ಏರಿತು.

ನನ್ನಿಂದ ಇನ್ನು ಆಗಲಿಲ್ಲ. ಮನೋಹರನ ಕೈಯಿಂದ ಮೈಕು ಕಿತ್ತುಕೊಂಡೆ.

"ಕೆಂಪಯ್ಯ! ಕೆಂಪಯ್ಯನೋರೆ! ಬನ್ನಿ ಇಲ್ಲಿ, ನಿಮ್ಮ ಕೈ ಬೇಕು!"

ಇಡೀ ರಸ್ತೆಗೆ ಕೇಳಿಸಿತು. ಸೊಸೆ ಮಾವನ ಹೆಸರನ್ನು ಮೈಕಿನಲ್ಲಿ ಕೂಗುವುದೆಂದರೆ! ಎದುರುಮನೆಯ ಬಸಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡರು. ಇಪ್ಪತ್ತೆಂಟು ವರ್ಷದಲ್ಲಿ ಆ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಮಾವ ಎದ್ದರು. ಪೇಟ ತೆಗೆದು ಮನೋಹರನ ಕೈಗೆ ಕೊಟ್ಟರು.

"ಯಾವ್ದಕ್ಕೆ ಕರೆದ್ಯವ್ವ?"

ನಾನು ಆಟೋದತ್ತ ಕೈ ತೋರಿಸಿದೆ. ಅವರು ನಿಧಾನವಾಗಿ ನಡೆದು ಹೋಗಿ ಚೀಲದ ಮೇಲೆ ಕೈಯಿಟ್ಟರು. "ಇಳಿಸ್ರಪ್ಪ," ಎಂದರು. ಗುಜರಿಯವರು ನನ್ನ ಗಂಡನ ಮುಖ ನೋಡಿದರು, ನನ್ನ ಮುಖ ನೋಡಿದರು. ನನ್ನ ಮುಖ ನೋಡಿದ ಮೇಲೆ ಇಳಿಸಿದರು.

ವಾಪಸು ಬರುವಾಗ ಮಾವ ಜಾವಾದ ಮುಂದೆ ಒಂದು ಗಳಿಗೆ ನಿಂತರು. ಮುಟ್ಟಲಿಲ್ಲ. "ಕಾರ್ಬುರೇಟರ್ ಬಾಯ್ತುಂಬ ಅಕ್ಷತೆ ಐತೆ," ಎಂದರು.

ಇವರು ಬಗ್ಗಿ ಬೆರಳು ಹಾಕಿದರು. ಹಳದಿ ಅಕ್ಕಿ ಮುದ್ದೆ ಮುದ್ದೆಯಾಗಿ ಬಂತು.

"ಬಿದ್ದಿದ್ದನ್ನ ನೋಡ್ದೋನು ಯಾಕಪ್ಪ ಹೇಳ್ಲಿಲ್ಲ?"

"ನೀನು ಕೇಳ್ನಿಲ್ಲ," ಎಂದರು ಮಾವ. ಕೋಪವಿಲ್ಲದೆ, ಕೇಳಿದ್ದಕ್ಕೆ ಉತ್ತರ ಅನ್ನುವಷ್ಟೇ. ಇವರು ಮೆಟ್ಟಿಲ ಮೇಲೆ ಕುಸಿದು ಕೂತರು. ಬಳಗದವರು ಉಪ್ಪಿಟ್ಟು, ಕೇಸರಿಬಾತು ಮುಗಿಸಿ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು.

ಊಟದ ಟೇಬಲ್ ಮತ್ತೆ ಹೋಯಿತು. ಈ ಸಲ ಗೋಣಿಚೀಲದ ಸಾಮಾನು ಹರಡಲು ನಾನೇ ಹಳೇ ಸೀರೆ ಹಾಸಿ ಕೊಟ್ಟೆ. ಈಗ ಅದು ಮಾವನ ಬೆಂಚು. ಇವರು ಗೋಡೆಗೆ ಒರಗಿ ನಿಂತು ಕಾದರು. ಒಂದು ದಿನವಾಯಿತು, ಎರಡು ದಿನವಾಯಿತು, ಮಾವ ಕರೆಯಲಿಲ್ಲ. ಆ ಕೈಗಳಿಂದ ಒಂದು ನಟ್ಟು ಕೂರಿಸಲು ಅರ್ಧ ಗಂಟೆ ಹಿಡಿಯುತ್ತಿತ್ತು. ನಟ್ಟು ಕೆಳಗೆ ಬೀಳುತ್ತಿತ್ತು, ಮಾವ ಬಗ್ಗಿ ಎತ್ತಿಕೊಳ್ಳುತ್ತಿದ್ದರು. ಇವರು ಒಂದು ಹೆಜ್ಜೆ ಮುಂದೆ ಬಂದು ಮತ್ತೆ ಗೋಡೆಗೆ ಹೋಗುತ್ತಿದ್ದರು. ಅನುಭವಿಸಲಿ ಎಂದು ನಾನೂ ಸುಮ್ಮನಿದ್ದೆ. ಆ ಎಂಜಿನ್ ಸದ್ದು ಮಾಡಿದ್ದು ಇನ್ನೊಂದು ವಾರದ ಮೇಲೆ, ನಾಲ್ಕನೇ ಕಿಕ್ಕಿಗೆ. ನನಗೆ ನೆನಪಿರುವುದು ಮಾತ್ರ ಮೂರನೇ ದಿನದ ಸಂಜೆ.

ಕ್ರ್ಯಾಂಕ್ ಒಳಗಿಟ್ಟು ಕೇಸಿಂಗಿನ ಎರಡು ಹೋಳನ್ನು ಸೇರಿಸುವ ಹೊತ್ತು. ಒಂದು ಕಡೆ ಅದುಮಿದರೆ ಇನ್ನೊಂದು ಕಡೆ ಬಿಟ್ಟುಕೊಳ್ಳುತ್ತಿತ್ತು. ಮಾವ ಅದರೊಳಗೇ ಮುಳುಗಿದ್ದರು. ತಲೆ ಎತ್ತದೆ ಕೂಗಿದರು:

"ಲಿಂಗಯ್ಯ, ಆ ಕಡೆ ಹಿಡ್ಕೊಳ್ಳಾ."

ಲಿಂಗಯ್ಯ ಮಾವನ ಪಕ್ಕದ ಬೆಂಚಿನವರು. ತೀರಿಕೊಂಡು ಒಂಬತ್ತು ವರ್ಷ. ಅವರ ತಿಥಿಗೆ ಮಾವನನ್ನು ಆಟೋದಲ್ಲಿ ಕರೆದುಕೊಂಡು ಹೋದವಳು ನಾನೇ.

ಇವರು ನನ್ನ ಮುಖ ನೋಡಿದರು. ಇವರು ಗೋಡೆ ಬಿಟ್ಟು ಹೋಗಿ ಆ ಕಡೆ ನಿಂತು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಹೂಂ, ಹಿಡ್ಕೊಂಡೆ," ಎಂದರು.

"ಅಲ್ಲಾಡಿಸ್ಬೇಡ ಕಣ್ಲಾ," ಎಂದು ಮಾವ ಬೋಲ್ಟಿಗೆ ಕೈಹಾಕಿದರು.

ಇವರು ಅಳುತ್ತಿದ್ದರು. ಕೈ ಮಾತ್ರ ಅಲ್ಲಾಡಲಿಲ್ಲ.